ಹಿಂದಿನ ಸೀಟಿಗೆ ಬ್ರೇಕಿಲ್ಲ

ಇಬ್ಬರು ತುಳಿಯುವ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು ಊರು ಸುತ್ತಿದವರು ಯಾರಾದರೂ ಇದ್ದರೆ ನನ್ನ ಮಾತನ್ನು ಒಪ್ಪುತ್ತಾರೆ: ಅಲ್ಲಿಂದ ಕಾಣುವುದು ಊರಲ್ಲ, ಗಂಡನ ಬೆನ್ನು. ನಾನು ಕೋಪನ್‌ಹೇಗನ್ ನೋಡಿದ್ದೇನೆ, ಬರ್ಲಿನ್ ನೋಡಿದ್ದೇನೆ, ವಿಯೆನ್ನಾ ನೋಡಿದ್ದೇನೆ. ಎಲ್ಲ ಕಡೆಯೂ ನಟ್ಟನಡುವೆ ನನ್ನ ಗಂಡ ವುಬ್ಬೊನ ನೀಲಿ ಜಾಕೀಟು, ಅದರ ಆಚೆ ಈಚೆ ಒಂದಿಷ್ಟು ಅರಮನೆ.

ಹಿಂದಿನ ಹ್ಯಾಂಡಲ್ಲು ತಿರುಗುವುದಿಲ್ಲ, ಸುಮ್ಮನೆ ಹಿಡಿದುಕೊಳ್ಳಲು ಇರುವುದು. ಬ್ರೇಕಂತೂ ಇಲ್ಲವೇ ಇಲ್ಲ. ಎರಡು ಜೊತೆ ಪೆಡಲನ್ನೂ ಚೈನು ಕಟ್ಟಿಹಾಕಿರುವುದರಿಂದ ಮುಂದಿನವನು ತುಳಿದರೆ ಹಿಂದಿನವಳ ಕಾಲು ತಿರುಗಲೇಬೇಕು, ಅವನು ನಿಲ್ಲಿಸಿದರೆ ನಿಲ್ಲಲೇಬೇಕು. ಅದಕ್ಕೇ ಈ ಸೈಕಲ್ಲಿನವರಲ್ಲಿ ಒಂದು ಪದ್ಧತಿ ಇದೆ. ಮುಂದಿನವನು ದಾರಿ ನೋಡಿ ಕೂಗಿ ಹೇಳಬೇಕು: ಗುಂಡಿ, ತಿರುವು, ನಿಲ್ಲು, ಹೊರಡು. ಹಿಂದಿನವಳು ನಂಬಿ ತುಳಿಯಬೇಕು. ನಂಬಿಕೆಯಿಲ್ಲದವಳು ಹಿಂದಿನ ಸೀಟಿಗೆ ಹತ್ತಲೇಬಾರದು ಎಂದು ಮದುವೆಯಾದ ವರ್ಷವೇ ವುಬ್ಬೊ ನನಗೆ ಹೇಳಿದ್ದ. ಹತ್ತಿದೆ. ನಲವತ್ತು ವರ್ಷ ಇಳಿಯಲಿಲ್ಲ.

ನಮ್ಮದು ದೇಶದ ಉತ್ತರಕ್ಕಿರುವ ಡ್ರೆಂಥೆ ಪ್ರಾಂತ್ಯದ ಒಂದು ಪುಟ್ಟ ಹಳ್ಳಿ. ವುಬ್ಬೊ ಅಲ್ಲಿ ಅಂಚೆಯವನಾಗಿದ್ದ. ಎಂಥ ಗಾಳಿಯಿರಲಿ, ಹಿಮ ಬೀಳಲಿ, ಸೈಕಲ್ ಮೇಲೆಯೇ ಕಾಗದ ಹಂಚಿದವನು. ನಿವೃತ್ತನಾದ ಮೇಲೂ ಬೇಸಿಗೆಯ ಮೂರು ದಿನದ ರಜಕ್ಕೆ ಪ್ರತಿವರ್ಷ ಒಂದು ದೊಡ್ಡ ಊರನ್ನು ಆರಿಸಿಕೊಂಡು, ಜೋಡಿ ಸೈಕಲ್ಲಿನಲ್ಲಿ ಅದನ್ನು ಮೂಲೆಮೂಲೆಯೂ ಸುತ್ತಿಬರುವುದು ಅವನ ಹಬ್ಬ. ಈ ವರ್ಷ ಅವನು ಆರಿಸಿದ್ದು ಆಮ್‌ಸ್ಟರ್‌ಡ್ಯಾಮ್. ನನಗೆ ಆಶ್ಚರ್ಯವಾಯಿತು.

“ಅಲ್ಲೇನಿದೆ ನೋಡೋಕೆ? ಮಗಳ ಮನೆಗೆ ಹೋಗ್ತಾನೇ ಇರ್ತೀವಲ್ಲ,” ಎಂದೆ.

“ಹೋಗ್ತೀವಿ, ಕಾಫಿ ಕುಡೀತೀವಿ, ಬರ್ತೀವಿ. ಊರು ಸುತ್ತಿದೀವಾ? ಲೋಕದ ರಾಜಧಾನಿ ಎಲ್ಲಾ ನೋಡಿದ ಮುದುಕಿ ತನ್ನ ರಾಜಧಾನೀನೇ ನೋಡಿಲ್ಲ ಅಂದ್ರೆ ಜನ ನಗ್ತಾರೆ.”

ವಸಂತದಲ್ಲಿ ಅವನು ಇದ್ದಕ್ಕಿದ್ದಂತೆ ಕಾರು ಮಾರಿದ್ದ. ಪೆಟ್ರೋಲು ಸುಡುವುದು ಪಾಪ ಎಂದಿದ್ದ. ಅಂಚೆಯವನ ತಲೆಗೆ ಈ ಹೊಸ ಪಾಪಪ್ರಜ್ಞೆ ಎಲ್ಲಿಂದ ಬಂತು ಎಂದು ನಾನೂ ಕೇಳಲಿಲ್ಲ. ಹೂವಿನ ಹರಾಜಿಗೆ ಹೋಗುವ ಪಕ್ಕದ ತೋಟದವನ ವ್ಯಾನಿನಲ್ಲಿ ಸೈಕಲ್ಲು ಹೇರಿಕೊಂಡು ಬಂದೆವು. ಮಗಳು ಮೇರೆಲ್ ಇರುವುದು ನಾಲ್ಕನೇ ಮಹಡಿಯಲ್ಲಿ, ಏಣಿಯಂಥ ಮೆಟ್ಟಿಲು, ಮನೆಯೊಳಗೆ ಒಬ್ಬರು ತಿರುಗಿದರೆ ಇನ್ನೊಬ್ಬರು ಕೂರಬೇಕು. ಹಾಗಾಗಿ ನದಿಯ ಆಚೆ ದಡದ ಬಯಲಿನಲ್ಲಿ ನಮ್ಮ ಹಳೆಯ ಡೇರೆ ಹಾಕಿಕೊಂಡೆವು. ಮೊದಲ ಎರಡು ದಿನ ನಾವಿಬ್ಬರೇ ಸುತ್ತುವುದು, ಮೂರನೆಯ ದಿನ ಮೊಮ್ಮಗಳು ಫೀನ್‌ಳನ್ನೂ ಕರೆದೊಯ್ಯುವುದು ಎಂದು ಮಾತಾಗಿತ್ತು. ಫೀನ್‌ಗೆ ನಾಲ್ಕು ವರ್ಷ. ಅಜ್ಜನ ಉದ್ದ ಸೈಕಲ್ಲಿನಲ್ಲಿ ಕೂರಬೇಕೆಂದು ಚಳಿಗಾಲದಿಂದ ಮಗು ಜಪ ಮಾಡುತ್ತಿತ್ತು.

ಮೊದಲ ದಿನ ಬೆಳಿಗ್ಗೆ, ಸೈಕಲ್ಲಿನವರನ್ನು ಪುಕ್ಕಟೆ ದಾಟಿಸುವ ದೋಣಿ ಇಳಿದು ಸ್ವಲ್ಪ ದೂರ ಬಂದಿದ್ದೆವು. ಒಂದು ಅಡ್ಡರಸ್ತೆಯಲ್ಲಿ ವುಬ್ಬೊ ಬ್ರೇಕು ಹಿಡಿದು ಕಾಲೂರಿದ. ನಾನು ಅವನ ಭುಜದ ಪಕ್ಕದಿಂದ ಇಣುಕಿದೆ. ಸೈಕಲ್ಲಿನವರಿಗೆಂದೇ ಇರುವ ಸಿಗ್ನಲ್ ದೀಪ ಹಸಿರಾಗಿತ್ತು. ರಸ್ತೆ ಖಾಲಿ. ಅವನು ನಿಂತೇ ಇದ್ದ.

“ಏನಾಯ್ತು?” ಎಂದೆ.

“ಆತುರ ಯಾಕೆ? ರಜಕ್ಕೆ ಬಂದಿರೋದು,” ಎಂದ.

ಹಸಿರು ಹೋಗಿ ಕೆಂಪು ಬಂತು. ಅಷ್ಟರಲ್ಲಿ ಹಿಂದಿನಿಂದ ಬಂದ ಹುಡುಗಿಯೊಬ್ಬಳು, ಫೋನಿನಲ್ಲಿ ಮಾತಾಡುತ್ತಾ, ಕೆಂಪನ್ನು ಲೆಕ್ಕಿಸದೆ ಸಾಗಿಹೋದಳು. ಈ ಊರಿನ ಸೈಕಲ್ಲಿನವರಿಗೆ ದೀಪ ಎಂದರೆ ಅಲಂಕಾರ. ಅವಳು ಹೊರಟದ್ದೇ ತಡ ವುಬ್ಬೊ “ಹೊರಡು” ಎಂದು ತುಳಿದೇಬಿಟ್ಟ. ನನ್ನ ಕಾಲೂ ತಿರುಗಿತು. ಎಡಗಡೆಯಿಂದ ಬಂದ ಟ್ರಾಮು ಕಿವಿ ಕಿತ್ತುಹೋಗುವಂತೆ ಗಂಟೆ ಬಾರಿಸಿತು. ನಾನು ಆ ಬೆನ್ನಿಗೆ ಗುದ್ದಿದೆ.

“ಕೆಂಪಿತ್ತು ಕಣೋ!”

“ಅವಳು ಹೋದ್ಲಲ್ಲ?”

ಆಗ ನಾನು ಬರೀ ಬೈದು ಸುಮ್ಮನಾದೆ. ಆಮೇಲೆ ಗಮನಿಸತೊಡಗಿದೆ. ನೋಡಿ ಕೂಗುವವನು ಅವತ್ತು ಏನನ್ನೂ ಕೂಗುತ್ತಿರಲಿಲ್ಲ. ಟ್ರಾಮ್ ಹಳಿಯ ಸಂದಿಗೆ ಚಕ್ರ ಸಿಕ್ಕಿ ಇಬ್ಬರೂ ಮಗುಚಿಕೊಳ್ಳುವುದರಲ್ಲಿದ್ದೆವು. ದಾರಿಯ ಬೋರ್ಡು ಬಂದಾಗಲೆಲ್ಲ “ಅದ್ರಲ್ಲಿ ಏನ್ ಬರ್ದಿದೆ ಓದೇ, ನಾನು ರೋಡ್ ನೋಡ್ಬೇಕು” ಎನ್ನುತ್ತಿದ್ದ. ಯಾರಾದರೂ ಮುಂದೆ ಹೋಗುತ್ತಿದ್ದರೆ ಬಾಲ ಹಿಡಿದವನಂತೆ ಅವರ ಹಿಂದೆಯೇ ಹೋಗುತ್ತಿದ್ದ. ಅವರು ತಿರುಗಿಬಿಟ್ಟರೆ ವೇಗ ತಾನಾಗಿಯೇ ಇಳಿಯುತ್ತಿತ್ತು.

ಮಧ್ಯಾಹ್ನ ಕಾಲುವೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ನಾನು ಚೀಸ್ ಹಚ್ಚಿದ ಬ್ರೆಡ್ಡನ್ನು ಅವನ ಮುಂದೆ ಹಿಡಿದೆ. ಅವನು ಅದನ್ನು ನೇರವಾಗಿ ನೋಡಲಿಲ್ಲ. ಕೋಳಿ ಕಾಳನ್ನು ನೋಡುವ ಹಾಗೆ ತಲೆಯನ್ನು ಓರೆ ಮಾಡಿ, ಕಣ್ಣಂಚಿನಿಂದ ನೋಡಿ ತೆಗೆದುಕೊಂಡ. ನನ್ನ ಅತ್ತೆ, ಅವನ ತಾಯಿ, ಕೊನೆಗಾಲದಲ್ಲಿ ಹೀಗೆಯೇ ನೋಡುತ್ತಿದ್ದಳು. ನೋಟದ ನಟ್ಟನಡುವೆ ಮಬ್ಬು, ಅಂಚಿನಲ್ಲಿ ಮಾತ್ರ ಬೆಳಕು. ಎದುರಿಗೆ ನಿಂತವರ ಮುಖ ಕಾಣದು, ಪಕ್ಕದ ಗೋಡೆ ಕಾಣುತ್ತದೆ. ದೀಪದ ಬಣ್ಣ ಕಾಣದು, ದಾರಿಯ ಅಂಚು ಕಾಣುತ್ತದೆ.

ಕಾರು ಮಾರಿದ್ದು, ಭಾಷೆ ಗೊತ್ತಿರುವ ಊರನ್ನೇ ಆರಿಸಿದ್ದು, ನನ್ನಿಂದ ಬೋರ್ಡು ಓದಿಸಿದ್ದು, ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು.

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀವು ನನ್ನ ಅತ್ತೆಯನ್ನು ನೋಡಿಲ್ಲ. ಗಟ್ಟಿಮುಟ್ಟಾದ ಹೆಂಗಸು, ಕಣ್ಣು ಹೋದ ಮೇಲೆ ವೃದ್ಧಾಶ್ರಮದ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತಳು. ಅವಳ ಬ್ರೆಡ್ಡನ್ನು ಯಾರೋ ತುಂಡು ಮಾಡಿ ಕೊಡುತ್ತಿದ್ದರು, ಕೂದಲನ್ನು ಯಾರೋ ಬಾಚುತ್ತಿದ್ದರು. ಅಲ್ಲಿಂದ ಹೊರಬಂದಾಗಲೆಲ್ಲ ವುಬ್ಬೊ ಹೇಳುತ್ತಿದ್ದ, “ನನ್ನ ಆ ಕುರ್ಚೀಲಿ ಕೂರಿಸೋ ಬದ್ಲು ಕಾಲುವೆಗೆ ತಳ್ಬಿಡು ರೂಲಿ.” ನಗುತ್ತಲೇ ಹೇಳುತ್ತಿದ್ದ, ಆದರೆ ಅದು ತಮಾಷೆಯಾಗಿರಲಿಲ್ಲ. ಈಗ ನಾನು ಬಾಯಿ ಬಿಟ್ಟರೆ ಆ ಕುರ್ಚಿಯನ್ನು ನಾನೇ ಎಳೆದು ತಂದು ಹಾಕಿದಂತೆ. ಬಿಡದಿದ್ದರೆ ಟ್ರಾಮಿನ ಕೆಳಗೆ. ಅತ್ತ ದರಿ, ಇತ್ತ ಪುಲಿ. ಬುತ್ತಿ ಕಟ್ಟಿದೆ, ಹಿಂದಿನ ಸೀಟಿಗೆ ಹತ್ತಿದೆ. ನನ್ನ ಮೇಲೆಯೇ ನನಗೆ ರೋಸಿಹೋಗಿತ್ತು.

ಎರಡನೆಯ ದಿನ ಚರ್ಚಿನ ಪಕ್ಕದ ಸಂತೆಗೆ ಹೋದೆವು. ಸೇತುವೆಯ ಕಂಬಿಗಳಿಗೆ ಸೈಕಲ್ಲುಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ವುಬ್ಬೊ ನಮ್ಮದನ್ನು ಹೇಗೋ ತುರುಕಿ, ಬಗ್ಗಿ, ತಡಕಾಡಿ, ಸರಪಳಿ ಸುತ್ತಿ ಬೀಗ ಹಾಕಿದ. ಸಹಾಯ ಮಾಡಲಾ ಎಂದರೆ ಗದರಿದ. ನಾವು ಸಂತೆ ಸುತ್ತಿ, ಈರುಳ್ಳಿ ಹಾಕಿದ ಹಸಿ ಹೆರಿಂಗ್ ಮೀನು ತಿಂದು ಮರಳುವಾಗ ಸೇತುವೆಯ ಮೇಲೆ ಒಬ್ಬ ಯುವತಿ ಕೆಂಡಾಮಂಡಲವಾಗಿ ನಿಂತಿದ್ದಳು. ಅವಳದು ಮಕ್ಕಳನ್ನು ಕೂರಿಸಲು ಮುಂದೆ ಮರದ ಪೆಟ್ಟಿಗೆ ಇರುವ ಸೈಕಲ್ಲು. ವುಬ್ಬೊ ಸುತ್ತಿದ ಸರಪಳಿ ಕಂಬಿಯನ್ನೂ ನಮ್ಮ ಸೈಕಲ್ಲನ್ನೂ ಹಿಡಿದುಕೊಂಡು, ಅವಳ ಸೈಕಲ್ಲಿನ ಚೌಕಟ್ಟಿನೊಳಗಿಂದಲೂ ಹಾದುಹೋಗಿತ್ತು. ಈ ಊರಿನ ಇಕ್ಕಟ್ಟಿನಲ್ಲಿ ಹೀಗೆ ಯಾರದ್ದೋ ಸೈಕಲ್ಲನ್ನು ಸೆರೆಹಿಡಿಯುವುದು ಕುಡುಕರು ಮಾಡುವ ತಪ್ಪು. ಹಾಡಹಗಲಲ್ಲಿ ಬುದ್ಧಿ ನೆಟ್ಟಗಿರುವವರು ಮಾಡುವುದಲ್ಲ.

“ಈ ದೋಣಿ ನಿಮ್ದೇನಾ?” ಎಂದು ಅವಳು ನಮ್ಮ ಉದ್ದ ಸೈಕಲ್ಲನ್ನು ಕಾಲಿನಿಂದ ತಳ್ಳಿದಳು. “ಶಿಶುವಿಹಾರ ಮುಚ್ಚಿದೆ, ನನ್ನ ಮಕ್ಳು ಬಾಗಿಲಲ್ಲಿ ನಿಂತಿದಾವೆ! ಅರ್ಧ ಗಂಟೆಯಿಂದ ಇಲ್ಲಿ ಬಡ್ಕೋತಾ ಇದೀನಿ. ನಿಮ್ಗೇನ್ ಕಣ್ಣು ಕಾಣ್ಸಲ್ವಾ?”

ಕೇಳಬಾರದಿದ್ದದ್ದನ್ನು ಅವಳು ಕೇಳಿಬಿಟ್ಟಳು. ವುಬ್ಬೊನ ಕತ್ತು ಕೆಂಪೇರಿತು. ಅವನು ನೆಲ ನೋಡುತ್ತಾ ನಿಂತ. ಅವನಿಗೆ ಹೌದು ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಪ್ರಶ್ನೆ ಕೇಳಿದ್ದು ನಾನಲ್ಲ, ಅಪರಿಚಿತಳು. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು.

“ಬೀಗ ಹಾಕಿದ್ದು ನಾನಮ್ಮ,” ಎಂದೆ. “ಕನ್ನಡಕ ಡೇರೇಲಿ ಬಿಟ್ ಬಂದೆ. ತಪ್ಪಾಯ್ತು.”

ನನಗೆ ಕನ್ನಡಕವೇ ಇಲ್ಲ.

“ನಾನು ಬಡ್ಕೊಂಡೆ ಇವಳಿಗೆ, ನೋಡಿ ಹಾಕು ಅಂತ,” ಎಂದ ವುಬ್ಬೊ, ತಲೆಯೆತ್ತಿ, ಜೋರು ದನಿಯಲ್ಲಿ. “ಕೇಳಿದ್ರೆ ತಾನೆ?” ಜೇಬಿನಿಂದ ಬೀಗದ ಕೈ ತೆಗೆದು ನನ್ನ ಕೈಗೆ ಹಾಕಿದ. “ತಗೋ, ಹಾಕಿದೋಳೇ ತೆಗಿ.”

ತೆಗೆದೆ. ಯುವತಿ ಬೈಯುತ್ತಲೇ ಸೈಕಲ್ ಹತ್ತಿ ಹೋದಳು. ನನಗೆ ಬಂದ ಕೋಪ ಅವಳ ಮೇಲಲ್ಲ. ಹತ್ತು ಜನರ ಎದುರಿಗೆ ನನ್ನನ್ನು ಪೆದ್ದಿಯನ್ನಾಗಿ ಮಾಡಿದ ಈ ಮನುಷ್ಯನ ತಲೆಯ ಮೇಲೆ ಆ ಸರಪಳಿಯನ್ನೇ ಬಿಸಾಡಬೇಕೆನಿಸಿತು. ಮರುಕ್ಷಣ ಅವನ ಕೈ ನೋಡಿದೆ. ಹ್ಯಾಂಡಲ್ಲನ್ನು ಹುಡುಕುತ್ತಾ ಬೆರಳುಗಳು ಸೀಟಿನ ಅಂಚನ್ನು ಸವರುತ್ತಿದ್ದವು. ಬೀಗದ ಕೈಯನ್ನು ನನ್ನ ಜೇಬಿಗೆ ಹಾಕಿಕೊಂಡು ಮತ್ತೆ ಹಿಂದೆ ಹತ್ತಿ ಕೂತೆ. ಅವನು ಅದನ್ನು ಮರಳಿ ಕೇಳಲಿಲ್ಲ.

ಸಂಜೆ ಡೇರೆಯ ಮುಂದೆ ಆಲೂಗಡ್ಡೆ ಬೇಯಿಸುತ್ತಿದ್ದಾಗ ಮೇರೆಲ್‌ಳ ಫೋನು ಬಂತು. ನನ್ನ ಮಗಳು ದಾದಿ, ಮಾತೂ ಕೆಲಸವೂ ಚುರುಕು.

“ಅಮ್ಮ, ಮಗೂಗೆ ಸೀಟು ತಂದಿದೀನಿ, ನಿಮ್ಮ ಸೈಕಲ್ ಹಿಂದೆ ಸಿಗಿಸ್ಬಿಡೋಣ. ಬೆಳಿಗ್ಗೆ ನಮ್ಮನೆ ಮುಂದಿನ ಸೇತುವೆ ಹತ್ರ ಬನ್ನಿ. ಅವಳಂತೂ ಈಗ್ಲೇ ಶೂ ಹಾಕ್ಕೊಂಡ್ ಕೂತಿದಾಳೆ.”

ವುಬ್ಬೊ ಫೋನು ಕಿತ್ತುಕೊಂಡು ಕೂಗಿದ, “ರಾಣಿಗೆ ಹೇಳು, ರಥ ರೆಡಿ ಇದೆ ಅಂತ!”

ನನ್ನ ಕತ್ತು ಹೋದರೆ ಹೋಗಲಿ, ನಲವತ್ತು ವರ್ಷದ ಹಿಂದೆಯೇ ಅದನ್ನು ಇವನ ಕೈಗೆ ಕೊಟ್ಟಿದ್ದೇನೆ. ಆದರೆ ಆ ಮಗು? ನನ್ನ ಬೆನ್ನ ಹಿಂದೆ ಸೊಂಟಕ್ಕೆ ಪಟ್ಟಿ ಬಿಗಿದು ಕೂರಿಸಿದ ಮಗುವಿಗೆ ಇಳಿಯಲೂ ಆಗದು, ನೆಗೆಯಲೂ ಆಗದು.

“ವುಬ್ಬೊ, ನಾಳೆ ಫೀನ್ ಜೊತೆ ನಡ್ಕೊಂಡೇ ಹೋಗೋಣ್ವಾ? ನನ್ನ ಮಂಡಿ ಯಾಕೋ ನೋಯ್ತಿದೆ.”

“ನಡೆಯೋಕೆ ಇಷ್ಟು ದೂರ ಬರ್ಬೇಕಿತ್ತಾ? ನೀನು ತುಳೀಬೇಡ, ಸುಮ್ನೆ ಕಾಲಿಟ್ಕೊಂಡಿರು. ನಾನೊಬ್ನೇ ಎಳೀತೀನಿ.”

“ಮಗು ಕಣೋ ಅದು.”

“ಗೊತ್ತು,” ಎಂದ. ಆಲೂಗಡ್ಡೆಯನ್ನು ಫೋರ್ಕಿನಿಂದ ಚುಚ್ಚಲು ಹೋಗಿ ಬರೀ ತಟ್ಟೆಯನ್ನು ಚುಚ್ಚಿದ. ನಾನು ನೋಡದವಳಂತೆ ಒಲೆಯ ಕಡೆ ತಿರುಗಿದೆ.

ಬೆಳಿಗ್ಗೆ ಮತ್ತದೇ ದೋಣಿ, ಮತ್ತದೇ ಬೆನ್ನು. ಕೆಲಸಕ್ಕೆ ಹೋಗುವವರ ಸೈಕಲ್ಲುಗಳು ಹೊಳೆಯಂತೆ ಎರಡೂ ಕಡೆಯಿಂದ ನುಗ್ಗುತ್ತಿದ್ದವು. ಅವರ ನಡುವೆ ನಾನು ಕೂಗುತ್ತಾ ಹೋದೆ: ಕೆಂಪು, ಹಸಿರು, ಬಲಕ್ಕೆ ಹಳಿ, ಎಡಕ್ಕೆ ಮುದುಕ. ಪದ್ಧತಿಗೆ ವಿರುದ್ಧ, ಆದರೆ ವುಬ್ಬೊ ಬೈಯಲಿಲ್ಲ. ನಾನು ಹೇಳಿದ ಹಾಗೆ ನಿಂತ, ಹೇಳಿದ ಹಾಗೆ ಹೊರಟ. ಆದರೂ ಹಾಲಿನ ಲಾರಿಯ ಹಿಂದಿನಿಂದ ಒಬ್ಬ ಹುಡುಗಿ ಸರ್ರನೆ ದಾಟಿದಾಗ ನನ್ನ ಬಾಯಿಗೆ ಮಾತು ಬರುವಷ್ಟರಲ್ಲಿ ನಮ್ಮ ಹ್ಯಾಂಡಲ್ಲು ಅವಳ ಚೀಲವನ್ನು ಸವರಿ ಹೋಗಿತ್ತು. ಕೂಗಿ ಹೇಳುವುದು ಬ್ರೇಕಲ್ಲ ಎಂದು ಆಗ ನನಗೆ ಖಚಿತವಾಯಿತು.

ಸೇತುವೆ ತಲುಪಿದೆವು. ಮೇರೆಲ್ ಇನ್ನೂ ಇಳಿದು ಬಂದಿರಲಿಲ್ಲ. ವುಬ್ಬೊ ಫ್ಲಾಸ್ಕು ತೆಗೆದುಕೊಂಡು ದಂಡೆಯ ಬೆಂಚಿನ ಮೇಲೆ ನನಗೆ ಬೆನ್ನು ಹಾಕಿ ಕೂತ. ನಾನು ಸೈಕಲ್ಲನ್ನು ಸೇತುವೆಯ ಕಂಬಿಗೆ ಒರಗಿಸಿ, ಸರಪಳಿಯನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ ಬೀಗ ಹಾಕಿದೆ. ಆಮೇಲೆ ಬೀಗದ ಕೈಯನ್ನು ಕಂಬಿಯಾಚೆ ಹಿಡಿದು ಬೆರಳು ಬಿಟ್ಟೆ. ಪುಳಕ್ ಎಂದು ನೀರಿಗೆ ಬಿತ್ತು. ಬಾಯಿಯಲ್ಲಿ ಹೇಳಲಾಗದ ಹೇಡಿಗೆ ಕೈಯಲ್ಲಾದರೂ ಇಷ್ಟು ಧೈರ್ಯ ಬಂತಲ್ಲ ಎಂದು ಒಂದು ಕ್ಷಣ ಹಗುರಾದೆ. ವುಬ್ಬೊ ತಿರುಗಲಿಲ್ಲ. ತುಂಬಿದ್ದು ತಿಳಿಯಲೆಂದು ಲೋಟದೊಳಗೆ ಬೆರಳ ತುದಿ ಅದ್ದಿಕೊಂಡು ಕಾಫಿ ಬಗ್ಗಿಸುತ್ತಿದ್ದ.

ಮೇರೆಲ್ ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ಮಗುವನ್ನು ಹಿಡಿದು ಓಡಿಬಂದಳು. ಫೀನ್ ಅಜ್ಜನ ಕಾಲಿಗೆ ಜೋತುಬಿದ್ದಳು.

“ಒಂದು ಎಡವಟ್ಟಾಯ್ತು,” ಎಂದೆ. “ಬೀಗದ ಕೈ ಜಾರಿ ನೀರಿಗೆ ಬಿತ್ತು.”

“ಹೋಗ್ಲಿ ಬಿಡು!” ಎಂದ ವುಬ್ಬೊ ತಕ್ಷಣ. “ನಡೆಯೋಣ. ನಡ್ಕೊಂಡೇ ಹೋಗೋಣ. ನಿಮ್ಮಮ್ಮಂಗೆ ಮಂಡಿ ಬೇರೆ ನೋವು.”

ನಾನು ಅವನ ಮುಖ ನೋಡಿದೆ. ನಿನ್ನೆ ಸಂಜೆ ನಡೆಯುವುದಿಲ್ಲ ಎಂದು ಹಟ ಹಿಡಿದವನು ಈಗ ಬಾಗಿಲು ತೆರೆದ ಪಂಜರದ ಹಕ್ಕಿಯ ಹಾಗೆ ಚಡಪಡಿಸುತ್ತಿದ್ದ. ಇವನೂ ಇಳಿಯಲು ದಾರಿ ಹುಡುಕುತ್ತಿದ್ದನೇ? ನನಗೆ ಅಳುವೂ ನಗುವೂ ಒಟ್ಟಿಗೆ ಬಂತು.

ಫೀನ್‌ಳ ತುಟಿ ಕೆಳಗಿಳಿಯಿತು. ಮೇರೆಲ್ ನಕ್ಕಳು.

“ಅಯ್ಯೋ, ಇಷ್ಟಕ್ಕೆ ಯಾಕೆ ಮುಖ ಸಣ್ಣ ಮಾಡ್ಕೋತೀರಿ? ಈ ಊರಲ್ಲಿ ಬೀಗದ ಕೈ ಕಳ್ಕೊಳ್ದೇ ಇರೋರು ಯಾರಿದಾರೆ? ಕೆಳಮನೆ ಸ್ಟಾನ್ಲಿ ಹತ್ರ ಕತ್ತರಿಸೋ ಮೆಷಿನ್ ಇದೆ. ಸ್ಟಾನ್ಲಿ!”

“ಬೇಡ, ಅವರಿಗೆ ತೊಂದ್ರೆ,” ಎಂದೆ ನಾನು.

“ಒಳ್ಳೇ ಬೀಗ ಅದು, ಹಾಳ್ಮಾಡ್ಬೇಡ,” ಎಂದ ವುಬ್ಬೊ. ನಾವಿಬ್ಬರೂ ಇಷ್ಟು ಒಮ್ಮತದಿಂದ ಮಾತಾಡಿ ಎಷ್ಟು ಕಾಲವಾಗಿತ್ತೋ.

ಬಡಗಿ ಸ್ಟಾನ್ಲಿ ಹಲ್ಲು ಬಿಡುತ್ತಾ ಬಂದ. “ತೊಂದ್ರೆ ಏನಮ್ಮ? ವಾರಕ್ಕೆರಡು ಬೀಗ ಕತ್ತರಿಸ್ತೀನಿ. ಒಂದು ಸಲ ಮಾತ್ರ ಕತ್ತರಿಸ್ಕೊಂಡೋನು ಸೈಕಲ್ ಕಳ್ಳ ಅಂತ ಆಮೇಲೆ ಗೊತ್ತಾಯ್ತು.” ಕಿಡಿ ಹಾರಿತು, ಸರಪಳಿ ಕಳಚಿ ಬಿತ್ತು. ಪಕ್ಕದಲ್ಲಿ ಹೋಗುತ್ತಿದ್ದ ಪೊಲೀಸಿನವಳು ಕೂಡ ತಿರುಗಿ ನೋಡಲಿಲ್ಲ. ಮೇರೆಲ್ ತಿರುಪುಳಿ ಹಿಡಿದು ಸೀಟು ಸಿಗಿಸಿದಳು, ಮಗುವನ್ನು ಎತ್ತಿ ಕೂರಿಸಿದಳು, ಪಟ್ಟಿ ಬಿಗಿದಳು. ಎಲ್ಲರೂ ಎಷ್ಟು ಒಳ್ಳೆಯವರು! ಅವರ ಒಳ್ಳೆಯತನದಲ್ಲಿ ಉಸಿರು ಕಟ್ಟುತ್ತಿತ್ತು.

“ಹತ್ತಮ್ಮ,” ಎಂದಳು ಮೇರೆಲ್.

ವುಬ್ಬೊ ಮುಂದಿನ ಸೀಟಿನಲ್ಲಿ ಕೂತು ಒಂದು ಕಾಲನ್ನು ನೆಲಕ್ಕೆ ಊರಿದ್ದ. ನಾನು ಹತ್ತಿದೆ. ಅಭ್ಯಾಸ ಎಂಬುದು ಹಾಗೆ, ಕಾಲು ತಾನೇ ಪೆಡಲು ಹುಡುಕಿಕೊಂಡಿತು. ಹೇಳು ರೂಲಿ, ಈಗ ಹೇಳದಿದ್ದರೆ ಇನ್ನು ಯಾವಾಗ ಹೇಳುತ್ತೀ ಎಂದು ಒಳಗೊಳಗೇ ಕೂಗಿಕೊಂಡೆ. ಬಾಯಿ ತೆರೆದೆ. ಬೆನ್ನ ಹಿಂದಿನಿಂದ ಫೀನ್ ನನ್ನ ಜಾಕೀಟನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂಗಿದಳು, “ಅಜ್ಜಾ, ಹೊರಡು!”

ಪೆಡಲು ತಿರುಗಲಿಲ್ಲ.

“ಮೇರೆಲ್,” ಎಂದ ವುಬ್ಬೊ. ಮುಂದಕ್ಕೇ ನೋಡುತ್ತಿದ್ದ. “ಮಗೂನ ಇಳಿಸ್ಕೋ.”

“ಯಾಕಪ್ಪ? ಸೀಟು ಭದ್ರವಾಗಿದೆ, ಅಲ್ಲಾಡಿಸಿ ನೋಡಿದೀನಿ.”

“ಬೀಗದ ಕೈ ಜಾರಿ ಬೀಳ್ಲಿಲ್ಲ. ನಿಮ್ಮಮ್ಮ ಬೇಕೂಂತ ಎಸೆದ್ಲು. ನೀರಿಗೆ ಬಿದ್ದಿದ್ದು ನಂಗೆ ಕೇಳಿಸ್ತು.” ಅವನ ದನಿ ಒಡೆಯಿತು. “ಹೋಗಿರೋದು ನನ್ನ ಕಣ್ಣು ಕಣಮ್ಮ, ಕಿವಿಯಲ್ಲ.”

ಮೇರೆಲ್‌ಳ ಕೈಯಲ್ಲಿದ್ದ ತಿರುಪುಳಿ ಕೆಳಗೆ ಬಿತ್ತು. ಅವಳು ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ. ಮಗುವಿನ ಪಟ್ಟಿ ಬಿಚ್ಚತೊಡಗಿದಳು. ನಾನು ಹಣೆಯನ್ನು ಆ ನೀಲಿ ಬೆನ್ನಿಗೆ ಒತ್ತಿ ಅತ್ತೆ. ನಾಚಿಕೆ ಬಿಟ್ಟು, ಸೇತುವೆಯ ಮೇಲೆ ಹೋಗುವವರೆಲ್ಲ ನೋಡುವ ಹಾಗೆ ಅತ್ತೆ. ವುಬ್ಬೊ ಒಂದು ಕೈಯನ್ನು ಹಿಂದಕ್ಕೆ ಚಾಚಿದ. ಅದು ಗಾಳಿಯಲ್ಲಿ ತಡಕಾಡುತ್ತಿತ್ತು, ನಾನು ಹಿಡಿದುಕೊಂಡೆ.

“ಅಜ್ಜಿ ಯಾಕೆ ಅಳ್ತಿದಾಳೆ?” ಎಂದು ಕೇಳಿದಳು ಫೀನ್.

“ಒಳ್ಳೇ ಬೀಗ ಹಾಳಾಯ್ತಲ್ಲ ಪುಟ್ಟಾ, ಅದಕ್ಕೆ,” ಎಂದ ವುಬ್ಬೊ. ಅವನೂ ಅಳುತ್ತಿದ್ದ.